ಸ್ಯಾನ್ ಸಿರೊದಲ್ಲಿ ಮಾಲ್ಡೀನಿಯ ಕೊನೆಯ ಆಟ

2009ರ ಮೇ 24, ಭಾನುವಾರ. ಪೌಲೊ ಮಾಲ್ಡೀನಿ ತನ್ನ ತವರು ಮೈದಾನ ಸ್ಯಾನ್ ಸಿರೊದಲ್ಲಿ ಇಟಲಿಯ ಫುಟ್‌ಬಾಲ್ ಕ್ಲಬ್ ಎಸಿ ಮಿಲಾನ್ ಪರ ಆಡಿದ ಕೊನೆಯ ಪಂದ್ಯ ಅದು. ಎದುರಾಳಿ ರೋಮಾ. ಕೆಲಸದ ಮೇಲೆ ಆಗ ನಾನು ಮಿಲಾನ್‌ನಲ್ಲೇ ಇದ್ದೆ. ಟಿಕೆಟ್ ಸಿಕ್ಕಿತು, ಹೋದೆ. ಮರುದಿನ ಪೇಪರ್‌ಗಳಲ್ಲೆಲ್ಲ ಬಂದಿದ್ದು ಮಿಲಾನ್‌ನ ಕೆಲವು ಅಭಿಮಾನಿಗಳೇ ಅವನಿಗೆ ಛೀಮಾರಿ ಹಾಕಿ ಹೊಡೆದ ಸಿಳ್ಳೆಯ ಸುದ್ದಿ. ಈಗಲೂ ಆ ದಿನದ ಮಾತು ಬಂದರೆ ಜನ ಸಿಳ್ಳೆಯ ಬಗ್ಗೆಯೇ ಮಾತಾಡುತ್ತಾರೆ. ಅವನು ಆಡಿದ ಆಟದ ಬಗ್ಗೆ ಯಾರೂ ಹೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಅವನನ್ನು ಮೊದಲು ನೋಡಿದ್ದು 1990ರ ವಿಶ್ವಕಪ್‌ನಲ್ಲಿ, ದೂರದರ್ಶನದಲ್ಲಿ. ಇಟಲಿಯ ಪಂದ್ಯಗಳು ನಮಗೆ ಶುರುವಾಗುತ್ತಿದ್ದದ್ದು ಮಧ್ಯರಾತ್ರಿಯ ಹೊತ್ತಿಗೆ. ಮನೆಯವರೆಲ್ಲ ಮಲಗಿದ ಮೇಲೆ ಟಿವಿಯ ಸೌಂಡ್ ಪೂರ್ತಿ ಕಡಿಮೆ ಮಾಡಿಕೊಂಡು ನೋಡುತ್ತಿದ್ದೆವು. ಗೆಳೆಯರಿಗೆಲ್ಲ ಗೋಲು ಹೊಡೆಯುವ ಸ್ಕಿಲಾಚಿ ಹುಚ್ಚು. ನನ್ನ ಕಣ್ಣು ಮಾತ್ರ ಎಡಗಡೆ ಹಿಂದೆ ಆಡುತ್ತಿದ್ದ 7ನೇ ನಂಬರ್‌ನ, ಉದ್ದ ಕೂದಲಿನ ಹುಡುಗನ ಮೇಲೆ. ಸ್ಕೂಲ್ ಟೀಮಿನಲ್ಲಿ ನನ್ನನ್ನೂ ಹಿಂದೆಯೇ ನಿಲ್ಲಿಸುತ್ತಿದ್ದರು, ಅದಕ್ಕಿರಬೇಕು. ಆ ಟೂರ್ನಿಯಲ್ಲಿ ಇಟಲಿ ಮೊದಲ ಐದು ಪಂದ್ಯಗಳಲ್ಲಿ ಒಂದೇ ಒಂದು ಗೋಲು ಬಿಟ್ಟುಕೊಡಲಿಲ್ಲ. ನೇಪಲ್ಸ್‌ನ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾದ ಕನೀಜಿಯಾ ತಲೆಯಲ್ಲಿ ಹೊಡೆದು ಆ ಗೋಡೆ ಒಡೆದ. ಆಮೇಲೆ ಪೆನಾಲ್ಟಿಯಲ್ಲಿ ಇಟಲಿ ಸೋತಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾಲ್ಡೀನಿ ಮಿಲಾನ್‌ಗೆ ಬಂದ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಅವನಪ್ಪ ಚೆಸಾರೆ ಮಾಲ್ಡೀನಿ ಕೂಡ ಡಿಫೆಂಡರ್, ಅಂದರೆ ಹಿಂದೆ ನಿಂತು ಎದುರಾಳಿಯನ್ನು ತಡೆಯುವ ಆಟಗಾರ. 1963ರಲ್ಲಿ ಲಂಡನ್‌ನ ವೆಂಬ್ಲಿಯಲ್ಲಿ ಮಿಲಾನ್ ಮೊದಲ ಸಲ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಯುರೋಪಿಯನ್ ಕಪ್ ಗೆದ್ದಾಗ ಕಪ್ ಎತ್ತಿದ ಕ್ಯಾಪ್ಟನ್ ಅವರೇ. ಮಗ 1985ರ ಜನವರಿ 20ರಂದು ಊದಿನೆಯಲ್ಲಿ ಮೊದಲ ಸಲ ಕಣಕ್ಕಿಳಿದಾಗ ವಯಸ್ಸು 16. ಆಟಗಾರನೊಬ್ಬನಿಗೆ ಪೆಟ್ಟಾಗಿತ್ತು, ಕೋಚ್ ಲಿಡ್‌ಹೋಮ್ ಈ ಹುಡುಗನನ್ನು ಕಳಿಸಿದರು. ಅಲ್ಲಿಂದ ಮುಂದೆ ಒಟ್ಟು 902 ಪಂದ್ಯ, ಎಲ್ಲವೂ ಒಂದೇ ಕ್ಲಬ್‌ಗೆ. ಐದು ಸಲ ಯುರೋಪ್ ಚಾಂಪಿಯನ್, ಏಳು ಸಲ ಇಟಲಿ ಲೀಗ್ ಚಾಂಪಿಯನ್. 2003ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಯುವೆಂಟಸ್ ವಿರುದ್ಧ ಗೆದ್ದು ಅದೇ ಕಪ್ ಎತ್ತಿದ. ಅಪ್ಪ ಎತ್ತಿ ಸರಿಯಾಗಿ 40 ವರ್ಷ ಆಗಿತ್ತು. ಅದೂ ಇಂಗ್ಲೆಂಡ್ ನೆಲದಲ್ಲೇ! ಇಟಲಿಗೆ 126 ಪಂದ್ಯ ಆಡಿದ. ವಿಶ್ವಕಪ್ ಮಾತ್ರ ಕೈಗೆ ಸಿಗಲೇ ಇಲ್ಲ.

ಆ ಭಾನುವಾರಕ್ಕೆ ಬರುತ್ತೇನೆ. ಆಗ ಸ್ಟೇಡಿಯಂ ಬಾಗಿಲಿಗೇ ಮೆಟ್ರೊ ಇರಲಿಲ್ಲ. ಲೊಟ್ಟೊ ಸ್ಟೇಷನ್‌ನಲ್ಲಿ ಇಳಿದು, ಕುದುರೆ ರೇಸಿನ ಮೈದಾನದ ಪಕ್ಕದಲ್ಲೇ ನಡೆಯಬೇಕು. ದಾರಿಯುದ್ದಕ್ಕೂ ಕೆಂಪು ಕಪ್ಪು ಪಟ್ಟೆಯ ಶಾಲು ಮಾರುವವರು, ಕಾವಲಿ ಮೇಲೆ ಸಾಸೇಜ್ ಸುಟ್ಟು ಬ್ರೆಡ್ಡಿಗೆ ಹಾಕಿಕೊಡುವ ಗಾಡಿಗಳು. ಮರಗಳ ಮೇಲೆ ಮೊದಲು ಕಾಣುವುದು ಸ್ಟೇಡಿಯಂನ ಕೆಂಪು ತೊಲೆಗಳು. ಹತ್ತಿರ ಹೋದರೆ ದಪ್ಪ ದಪ್ಪ ಕಾಂಕ್ರೀಟ್ ಗೋಪುರಗಳು, ಅವುಗಳನ್ನು ಸುತ್ತಿಕೊಂಡು ಮೇಲೆ ಹೋಗುವ ಇಳಿಜಾರು ದಾರಿ. ಅಂದು ಮಾಲ್ಡೀನಿಯ ಮಿಲಾನ್ ನಂಬರ್ ಆದ 3ರ ಅಂಗಿ ತೊಟ್ಟವರೇ ಜಾಸ್ತಿ. ತಾತ, ಮಗ, ಮೊಮ್ಮಗ ಮೂವರೂ ಅದೇ ಅಂಗಿ ಹಾಕಿಕೊಂಡು ಹೋಗುತ್ತಿದ್ದದ್ದು ಕಂಡೆ.

ನನ್ನ ಪಕ್ಕದ ಸೀಟಿನಲ್ಲಿ ಕೂತವರು ಒಬ್ಬ ಹಿರಿಯರು. ನಾನು ಭಾರತದಿಂದ ಬಂದವನು, ಮಾಲ್ಡೀನಿಯನ್ನು ನೋಡಲೆಂದೇ ಬಂದೆ ಅಂದೆ. ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, "ಇವನ ಅಪ್ಪನನ್ನೂ ನಾನು ಇಲ್ಲೇ ನೋಡಿದ್ದೇನೆ" ಅಂದರು.

ಡಿಫೆಂಡರ್‌ನ ಆಟ ಟಿವಿಯಲ್ಲಿ ಅರ್ಧಕ್ಕರ್ಧ ಕಾಣುವುದೇ ಇಲ್ಲ. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಒಳ್ಳೆಯ ಡಿಫೆಂಡರ್ ಕೆಲಸ ಮಾಡುವುದು ಚೆಂಡು ಅವನ ಹತ್ತಿರ ಬರುವ ಮೊದಲು. ಅಂದು ನಾನು ಚೆಂಡು ನೋಡುವುದನ್ನೇ ಬಿಟ್ಟು ಅವನೊಬ್ಬನನ್ನೇ ನೋಡುತ್ತಾ ಕೂತೆ. ಚೆಂಡು ಮೈದಾನದ ಆ ತುದಿಯಲ್ಲಿರುವಾಗಲೂ ಅವನ ಕುತ್ತಿಗೆ ಸುಮ್ನೆ ಇರುತ್ತಿರಲಿಲ್ಲ. ಒಮ್ಮೆ ಎಡ ಭುಜದ ಮೇಲಿಂದ ಹಿಂದೆ ನೋಡುತ್ತಿದ್ದ, ಒಮ್ಮೆ ಬಲ ಭುಜದ ಮೇಲಿಂದ. ಕೈ ಒಂದಿಷ್ಟು ಎತ್ತಿ, ಅಂಗೈ ಕೆಳಗೆ ಮಾಡಿ ಪಕ್ಕದವನಿಗೆ ನಿಲ್ಲು ಅಂತ ಸನ್ನೆ. ಮರುಕ್ಷಣ ಎಲ್ಲರೂ ಎರಡು ಹೆಜ್ಜೆ ಮುಂದೆ. ಒಂದು ಸಲ ರೋಮಾದ ಫಾರ್ವರ್ಡ್ ಒಬ್ಬ ಚೆಂಡು ತಗೊಂಡು ಇವನ ಎದುರಿಗೇ ಬಂದ. ಮಾಲ್ಡೀನಿ ಮೇಲೆ ಬೀಳಲಿಲ್ಲ. ಮೈ ಅಡ್ಡ ತಿರುಗಿಸಿ, ಒಳಗಿನ ದಾರಿ ಮುಚ್ಚಿ, ಗೆರೆಯ ಕಡೆಯ ದಾರಿಯನ್ನು ಮಾತ್ರ ಬಿಟ್ಟುಕೊಟ್ಟ. ಹುಡುಗ ಆ ಕಡೆಗೇ ಓಡಿದ. ಜೊತೆಜೊತೆಗೇ ಓಡುತ್ತಾ ಹೋದ ಇವನು, ಚೆಂಡು ಕಾಲಿಂದ ಒಂದು ಗೇಣು ದೂರ ಹೋಗಿದ್ದೇ ತಡ, ಕಾಲು ಚಾಚಿ ಎತ್ತಿಕೊಂಡ. ಬೀಳಲಿಲ್ಲ, ಅಂಗಿಗೆ ಮಣ್ಣಾಗಲಿಲ್ಲ. ಮುಂದಿನ ತಿಂಗಳಿಗೆ ಅವನಿಗೆ 41 ತುಂಬುವುದಿತ್ತು.

ಇನ್ನೊಂದು ಮಾತು. ಇವನು ಹುಟ್ಟಾ ಬಲಗಾಲಿನ ಆಟಗಾರ. ಜೀವನದ ಬಹುಪಾಲು ಆಡಿದ್ದು ಎಡಗಡೆ. 1994ರಲ್ಲಿ ಅಥೆನ್ಸ್‌ನಲ್ಲಿ ನಡೆದ ಯುರೋಪಿನ ಕಪ್ ಫೈನಲ್‌ಗೆ ಮಿಲಾನ್‌ನ ಮಧ್ಯದ ಡಿಫೆಂಡರ್‌ಗಳಾದ ಬರೇಸಿ, ಕೊಸ್ತಾಕೂರ್ತ ಇಬ್ಬರೂ ನಿಷೇಧದಿಂದ ಹೊರಗಿದ್ದಾಗ ಮಧ್ಯಕ್ಕೆ ಬಂದು ನಿಂತ. ಬಾರ್ಸಿಲೋನಾಗೆ ಒಂದು ಗೋಲೂ ಸಿಗಲಿಲ್ಲ, ಮಿಲಾನ್ 4-0ಯಿಂದ ಗೆದ್ದಿತು. ಎಲ್ಲಿ ನಿಲ್ಲಿಸಿದರೂ ಆ ಜಾಗ ಅವನದೇ ಅನ್ನಿಸುವಂತೆ ಆಡಿದ ಡಿಫೆಂಡರ್ ನನ್ನ ಲೆಕ್ಕದಲ್ಲಿ ಮತ್ತೊಬ್ಬನಿಲ್ಲ.

ಪಂದ್ಯ ಮಿಲಾನ್ ಸೋತಿತು, 2-3. ಮಿಲಾನ್‌ನ ಎರಡೂ ಗೋಲು ಅಂಬ್ರೊಸಿನಿಯದು. ಕೊನೆಗೆ ಟೊಟ್ಟಿ ಹೊಡೆದ ಗೋಲು ರೋಮಾವನ್ನು ಗೆಲ್ಲಿಸಿತು. ಸೋಲಿನ ಬಗ್ಗೆ ಯಾರೂ ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ. ಎಲ್ಲರೂ ಕಾಯುತ್ತಿದ್ದದ್ದು ಅವನು ಮೈದಾನ ಸುತ್ತಿ ಬರುವುದನ್ನು.

ಅವನು ನಡೆಯತೊಡಗಿದ. ನಮ್ಮ ಕಡೆಯ ಜನವೆಲ್ಲ ಎದ್ದು ನಿಂತಿದ್ದೆವು. ಪಕ್ಕದ ಹಿರಿಯರ ಕಣ್ಣು ತುಂಬಿತ್ತು, ನನ್ನದೂ. ಅಷ್ಟರಲ್ಲಿ ಗೋಲಿನ ಹಿಂದೆ ಕೂರುವ ಕಟ್ಟಾ ಅಭಿಮಾನಿಗಳ ಗ್ಯಾಲರಿಯಿಂದ, ಅಂದರೆ ದಕ್ಷಿಣದ ಕಡೆಯಿಂದ, ಸಿಳ್ಳೆ ಶುರುವಾಯಿತು. ನಮ್ಮಲ್ಲಿ ಸಿಳ್ಳೆ ಹೊಡೆಯುವುದು ಖುಷಿಗೆ. ಇಟಲಿಯಲ್ಲಿ ಅದು ಛೀಮಾರಿ. ಒಂದು ದೊಡ್ಡ ಬ್ಯಾನರ್ ಬಿಚ್ಚಿದರು. ಮೈದಾನದಲ್ಲಿ ನೀನು ಮಹಾ ಚಾಂಪಿಯನ್, ಆದರೆ ನಿನ್ನನ್ನು ಶ್ರೀಮಂತ ಮಾಡಿದವರಿಗೆ ನೀನು ಗೌರವ ಕೊಡಲಿಲ್ಲ ಅನ್ನುವುದು ಅದರ ಸಾರ. ಜೊತೆಗೆ ಮಾಲ್ಡೀನಿಗಿಂತ ಮೊದಲು ಕ್ಯಾಪ್ಟನ್ ಆಗಿದ್ದ ಬರೇಸಿಯ 6ನೇ ನಂಬರ್‌ನ ಭಾರೀ ಅಂಗಿ. ಕ್ಯಾಪ್ಟನ್ ಅಂದರೆ ಒಬ್ಬನೇ, ಅವನು ಬರೇಸಿ ಅಂತ ಕೂಗು.

ಬರೇಸಿ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. 1994ರ ವಿಶ್ವಕಪ್ ನಡುವೆ ಮಂಡಿಗೆ ಆಪರೇಷನ್ ಮಾಡಿಸಿಕೊಂಡು ಫೈನಲ್‌ಗೆ ವಾಪಸ್ ಬಂದವನು. ಮಾಲ್ಡೀನಿ ಬೆಳೆದಿದ್ದೇ ಅವನ ಪಕ್ಕದಲ್ಲಿ ಆಡುತ್ತಾ. ಗುರುವಿನ ಅಂಗಿಯನ್ನೇ ತಂದು ಶಿಷ್ಯನ ಮುಖಕ್ಕೆ ಹಿಡಿದರಲ್ಲ, ಅದು ನನಗೆ ಸಿಳ್ಳೆಗಿಂತ ಜಾಸ್ತಿ ನೋವು ಕೊಟ್ಟಿತು.

ಈ ಸಿಟ್ಟು ಹಳೆಯದು. 2005ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಯುರೋಪಿನ ಕಪ್ ಫೈನಲ್‌ನಲ್ಲಿ ಮಾಲ್ಡೀನಿ ಮೊದಲ ನಿಮಿಷದಲ್ಲೇ ಗೋಲು ಹೊಡೆದಿದ್ದ. ಅರ್ಧ ಸಮಯಕ್ಕೆ ಮಿಲಾನ್ 3-0 ಮುಂದೆ ಇತ್ತು. ಆದರೂ ಲಿವರ್‌ಪೂಲ್ ಸಮ ಮಾಡಿಕೊಂಡು ಪೆನಾಲ್ಟಿಯಲ್ಲಿ ಗೆದ್ದಿತು. ವಾಪಸ್ ಬಂದಾಗ ವಿಮಾನ ನಿಲ್ದಾಣದಲ್ಲಿ ಕೆಲವು ಅಭಿಮಾನಿಗಳು ಕ್ಷಮೆ ಕೇಳಿ ಅಂತ ಹಟ ಹಿಡಿದರು. ಅವನು ಬಗ್ಗಲಿಲ್ಲ. ಕಟ್ಟಾ ಅಭಿಮಾನಿಗಳ ಗುಂಪಿನ ಮುಖಂಡರ ಜೊತೆ ಸಲಿಗೆ ಇಟ್ಟುಕೊಳ್ಳುವ ಪದ್ಧತಿ ಬಹಳ ಆಟಗಾರರಿಗೆ ಇತ್ತು, ಇವನಿಗೆ ಇರಲಿಲ್ಲ. ನಾನು ಅವರಲ್ಲೊಬ್ಬ ಅಲ್ಲ ಅನ್ನುವುದೇ ನನಗೆ ಹೆಮ್ಮೆ ಎಂದು ರೋಮಾ ಪಂದ್ಯದ ನಂತರ ಅವನೇ ಹೇಳಿದ.

ಅವನು ಹೇಳಿದ್ದು ಸರಿ ಅಂತ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಅಭಿಮಾನಿಗೆ ಬೇಸರ ಮಾಡಿಕೊಳ್ಳುವ ಹಕ್ಕಿದೆ. ಚೆನ್ನಾಗಿ ಆಡದಿದ್ದರೆ ಕೂಗಲಿ. ಆದರೆ 25 ಸೀಸನ್ ಒಂದೇ ಅಂಗಿ ತೊಟ್ಟವನು ಬೀಳ್ಕೊಡುಗೆಯ ದಿನ ತಲೆ ಬಾಗಿಸಲಿ ಅಂತ ಕಾಯುವುದು ಅಭಿಮಾನ ಹೇಗಾಗುತ್ತದೆ, ಹೇಳಿ? ಅವನು ಸಾಲ ಉಳಿಸಿಕೊಂಡವನಲ್ಲ. ಕ್ಲಬ್‌ನವರು 3ನೇ ನಂಬರ್ ಇನ್ನು ಯಾರಿಗೂ ಕೊಡುವುದಿಲ್ಲ, ಅವನ ಮಕ್ಕಳು ತಂಡಕ್ಕೆ ಬಂದರೆ ಮಾತ್ರ ಕೊಡುತ್ತೇವೆ ಅಂದರು. ಅಂಥ ಗೌರವ ಸುಮ್ನೆ ಸಿಗುತ್ತದಾ?

ಸಿಳ್ಳೆ ಜೋರಾದಂತೆ ಉಳಿದ ಗ್ಯಾಲರಿಗಳ ಚಪ್ಪಾಳೆಯೂ ಜೋರಾಯಿತು. ನಮ್ಮ ಸಾಲಿನಲ್ಲಿ ಜನ ಗಂಟಲು ಹರಿದುಕೊಂಡು "ಪೌಲೊ, ಪೌಲೊ" ಅಂತ ಕೂಗಿದರು. ಹಿರಿಯರು ಸೀಟಿನ ಮೇಲೆ ಹತ್ತಿ ನಿಂತು ಆ ಗ್ಯಾಲರಿ ಕಡೆ ಕೈ ಬೀಸಿ ಬೈಯುತ್ತಿದ್ದರು. ಅವರು ಬೀಳದ ಹಾಗೆ ನಾನು ಕೋಟು ಹಿಡಿದುಕೊಂಡಿದ್ದೆ.

ಮುಂದಿನ ಭಾನುವಾರ, ಮೇ 31ಕ್ಕೆ, ಫ್ಲಾರೆನ್ಸ್‌ನಲ್ಲಿ ಅವನ ಕಟ್ಟಕಡೆಯ ಪಂದ್ಯ. ನಾನು ನೋಡಿದ್ದು ಟಿವಿಯಲ್ಲಿ. ಕಾಕ ಮತ್ತು ಪಾಟೊ ಗೋಲು ಹೊಡೆದರು, ಮಿಲಾನ್ 2-0ಯಿಂದ ಫಿಯೊರೆಂಟಿನಾವನ್ನು ಸೋಲಿಸಿತು. ತಮ್ಮ ತಂಡ ಸೋತಿದ್ದರೂ ಫ್ಲಾರೆನ್ಸ್‌ನ ಜನ ಎದ್ದು ನಿಂತು ಮಾಲ್ಡೀನಿಗೆ ಚಪ್ಪಾಳೆ ಹೊಡೆದರು. ನೋಡಿ ಖುಷಿಯಾಯಿತು, ಹೊಟ್ಟೆಯೂ ಉರಿಯಿತು. ಅದು ಒಂದು ವಾರ ಮೊದಲೇ, ಅವನು ಹುಟ್ಟಿದ ಊರಿನಲ್ಲೇ ಆಗಬೇಕಿತ್ತು.