162 ಮ್ಯಾಚ್ ಹೇಗೆ ನೋಡ್ತೀರಿ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ವರ್ಷಕ್ಕೆ 162 ಮ್ಯಾಚಾ? ಅಷ್ಟನ್ನೂ ಕೂತು ನೋಡ್ತೀರಾ? ಒಂದು ಗೆದ್ದರೆಷ್ಟು, ಸೋತರೆಷ್ಟು?" ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಬೇಸ್‌ಬಾಲ್ ತಂಡದ ಅಭಿಮಾನಿ ಎಂದ ಕೂಡಲೇ ಕನ್ನಡದ ಗೆಳೆಯರು ಕೇಳುವುದು ಇದನ್ನೇ, ಬೇ ಏರಿಯಾದವರಿರಲಿ, ಬೆಂಗಳೂರಿನವರಿರಲಿ. ಕ್ರಿಕೆಟ್ ನೋಡಿ ಬೆಳೆದವರಿಗೆ ಹಾಗನ್ನಿಸುವುದು ಸಹಜ. ನನ್ನ ಉತ್ತರ ಇಷ್ಟು: ಪಂದ್ಯ ಎಣಿಸಬೇಡಿ, ಸರಣಿ ಎಣಿಸಿ.

ಐಪಿಎಲ್‌ನಲ್ಲಿ ಆರ್‌ಸಿಬಿಗೆ ಲೀಗ್ ಹಂತದಲ್ಲಿ ಸಿಗುವುದು 14 ಪಂದ್ಯ. ಹಾಗೆ ನೋಡಿದರೆ ಅಲ್ಲಿನ ಒಂದು ಪಂದ್ಯದ ತೂಕ ಇಲ್ಲಿನ ಹನ್ನೊಂದು ಹನ್ನೆರಡು ಪಂದ್ಯಗಳ ತೂಕಕ್ಕೆ ಸಮ. ಮಂಗಳವಾರ ರಾತ್ರಿಯ ಒಂದು ಸೋಲಿಗೆ ಊಟ ಬಿಡುವ ಅಗತ್ಯವಿಲ್ಲ. ಜೈಂಟ್ಸ್ ಇತಿಹಾಸದಲ್ಲೇ ಅತಿ ಹೆಚ್ಚು ಗೆಲುವು ಬಂದದ್ದು 2021ರಲ್ಲಿ, 107. ಆ ವರ್ಷವೂ ತಂಡ 55 ಸಲ ಸೋತಿತ್ತು. ಇತ್ತ 2024ರಲ್ಲಿ 121 ಪಂದ್ಯ ಸೋತ ಚಿಕಾಗೊ ವೈಟ್ ಸಾಕ್ಸ್ ಕೂಡ 41 ಗೆದ್ದಿತು. ಬೇಸ್‌ಬಾಲ್‌ನಲ್ಲಿ ಒಂದು ದಿನದ ಫಲಿತಾಂಶದಿಂದ ತಂಡದ ಗುಣ ತಿಳಿಯುವುದಿಲ್ಲ.

ತಂಡ ಒಂದು ಊರಿಗೆ ಹೋದರೆ ಸಾಮಾನ್ಯವಾಗಿ ಅದೇ ಎದುರಾಳಿಯೊಡನೆ ಮೂರು ದಿನ ಮೂರು ಪಂದ್ಯ ಆಡುತ್ತದೆ. ಕೆಲವೊಮ್ಮೆ ಎರಡು ಅಥವಾ ನಾಲ್ಕು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೀಗೆ ಐವತ್ತಕ್ಕೂ ಸ್ವಲ್ಪ ಹೆಚ್ಚು ಸರಣಿಗಳು. ಪ್ರತಿ ಸಲ ಮೂರರಲ್ಲಿ ಎರಡು ಗೆದ್ದರೆ ವರ್ಷದ ಕೊನೆಗೆ 108 ಗೆಲುವು. 2021ರ ತಂಡ ಮಾಡಿದ್ದು ಹೆಚ್ಚೂಕಡಿಮೆ ಅದನ್ನೇ. ಒಂದು ಸರಣಿ ಗೆದ್ದು ಇನ್ನೊಂದು ಸೋಲುತ್ತ ಹೋದರೆ 81. 2025ರಲ್ಲಿ ಜೈಂಟ್ಸ್ ಮುಗಿಸಿದ್ದು ಸರಿಯಾಗಿ 81-81ಕ್ಕೆ. ಈ ಎರಡು ಸಂಖ್ಯೆ ತಲೆಯಲ್ಲಿದ್ದರೆ ತಂಡ ಎತ್ತ ಸಾಗುತ್ತಿದೆ ಎಂಬುದು ಮೇ ತಿಂಗಳಲ್ಲೇ ಅಂದಾಜಿಗೆ ಸಿಗುತ್ತದೆ.

ಇನ್ನು ಯಾವ ಪಂದ್ಯ ಪೂರ್ತಿ ನೋಡಬೇಕು, ಯಾವುದಕ್ಕೆ ಹೈಲೈಟ್ಸ್ ಸಾಕು? ಅದನ್ನು ನಿರ್ಧರಿಸುವುದು ಆ ದಿನದ ಸ್ಟಾರ್ಟಿಂಗ್ ಪಿಚರ್, ಅಂದರೆ ಪಂದ್ಯದ ಆರಂಭದಿಂದ ಚೆಂಡು ಎಸೆಯುವವನು. ಕ್ರಿಕೆಟ್‌ನಿಂದ ಬಂದವರಿಗೆ ಇದೇ ಹೊಸದು. ಬ್ಯಾಟರ್‌ಗಳು ಹೆಚ್ಚಾಗಿ ಅವರವರೇ ಇರುತ್ತಾರೆ, ಪಿಚರ್ ಮಾತ್ರ ದಿನಕ್ಕೊಬ್ಬ. ಐವರು ಸ್ಟಾರ್ಟರ್‌ಗಳು ಸರದಿಯಂತೆ ಬರುತ್ತಾರೆ, ಹಾಗಾಗಿ ಒಬ್ಬನಿಗೆ ವರ್ಷಕ್ಕೆ ಹೆಚ್ಚೆಂದರೆ 32-33 ಪಂದ್ಯ. ಒಮ್ಮೆ ತೊಂಬತ್ತು ನೂರು ಎಸೆತ ಹಾಕಿದವನ ತೋಳಿಗೆ ಕನಿಷ್ಠ ನಾಲ್ಕು ದಿನ ವಿಶ್ರಾಂತಿ ಬೇಕು. 2014ರ ವರ್ಲ್ಡ್ ಸೀರೀಸ್‌ನ, ಅಂದರೆ ಫೈನಲ್ ಸರಣಿಯ, ಏಳನೇ ಪಂದ್ಯದಲ್ಲಿ ಜೈಂಟ್ಸ್ ಪಿಚರ್ ಮ್ಯಾಡಿಸನ್ ಬಮ್‌ಗಾರ್ನರ್ ಮಾಡಿದ್ದನ್ನು ಜನ ಇವತ್ತಿಗೂ ನೆನೆಯುವುದು ಇದೇ ಕಾರಣಕ್ಕೆ. ಐದನೇ ಪಂದ್ಯ ಪೂರ್ತಿ ಎಸೆದಿದ್ದವನು ಎರಡೇ ದಿನದ ವಿಶ್ರಾಂತಿಯ ನಂತರ ಮತ್ತೆ ಬಂದು ಕೊನೆಯ ಐದು ಇನ್ನಿಂಗ್ (ಪಂದ್ಯಕ್ಕೆ ಒಟ್ಟು ಒಂಬತ್ತು) ಎಸೆದು ಕಪ್ ಗೆಲ್ಲಿಸಿದ. ವಿಶ್ರಾಂತಿಯ ಲೆಕ್ಕ ಗೊತ್ತಿಲ್ಲದವರಿಗೆ ಆ ಸಾಧನೆಯ ಗಾತ್ರ ತಿಳಿಯುವುದೇ ಇಲ್ಲ.

ಸ್ಟಾರ್ಟರ್ ಇಳಿದ ಮೇಲೆ ಬುಲ್‌ಪೆನ್, ಅಂದರೆ ಒಂದೊಂದು ಇನ್ನಿಂಗ್ ಎಸೆಯುವ ರಿಲೀವರ್‌ಗಳು. ಹೊಸ ಅಭಿಮಾನಿಗಳ ಗೋಳು ಹೆಚ್ಚಾಗಿ ಇಲ್ಲೇ: "ಕ್ಲೋಸರ್ ಇದ್ದಾನಲ್ಲ, ಅವನನ್ನು ಯಾಕೆ ಕರೆಯಲಿಲ್ಲ?" ಕ್ಲೋಸರ್ ಅಂದರೆ ಕೊನೆಯ ಇನ್ನಿಂಗ್ ಎಸೆದು ಗೆಲುವು ಮುಗಿಸುವ ರಿಲೀವರ್. ಮ್ಯಾನೇಜರ್‌ನನ್ನು ಬೈಯುವ ಮೊದಲು ಹಿಂದಿನ ಎರಡು ದಿನದ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಗಳ ಪಟ್ಟಿ) ತೆಗೆದು ನೋಡಿ. ಎರಡೂ ದಿನ ಎಸೆದಿದ್ದರೆ ಮೂರನೆಯ ದಿನ ಅವನು ಬಹುಪಾಲು ಲಭ್ಯವಿಲ್ಲ. ಸ್ಟಾರ್ಟರ್ ಮೂರನೇ ಇನ್ನಿಂಗ್‌ನಲ್ಲೇ ಕುಸಿದರೆ ಅದರ ಬೆಲೆ ಆ ರಾತ್ರಿಗೆ ತೀರುವುದಿಲ್ಲ, ಉಳಿದ ಆರು ಇನ್ನಿಂಗ್ ಹೊತ್ತ ರಿಲೀವರ್‌ಗಳು ನಾಳೆ, ನಾಡಿದ್ದು ಸಿಗುವುದಿಲ್ಲ. ಸರಣಿಯನ್ನು ಒಟ್ಟಾಗಿ ನೋಡಬೇಕು ಎನ್ನುವುದು ಇದಕ್ಕೇ.

ಸರಣಿಯ ಕೊನೆಯ ದಿನಕ್ಕೆ ಗೆಟ್‌ಅವೇ ಡೇ ಅನ್ನುತ್ತಾರೆ. ಅನೇಕ ಸಲ ಮಧ್ಯಾಹ್ನದ ಆಟ, ಮುಗಿದ ಕೂಡಲೇ ವಿಮಾನ. ಹಿಂದಿನ ರಾತ್ರಿ ಕುಕ್ಕರಗಾಲಲ್ಲಿ ಕೂತು ಪಿಚರ್‌ನ ಎಸೆತ ಹಿಡಿದ ಕ್ಯಾಚರ್‌ಗೆ ಅಂದು ಹೆಚ್ಚಾಗಿ ರಜೆ. ಮೆಚ್ಚಿನ ಕ್ಯಾಚರ್‌ನನ್ನು ನೋಡಲೆಂದೇ ಟಿಕೆಟ್ ಕೊಳ್ಳುವವರು ಸರಣಿಯ ಮೊದಲ ರಾತ್ರಿಯ ಪಂದ್ಯಕ್ಕೆ ಕೊಳ್ಳಿ.

ಊರಲ್ಲಿದ್ದುಕೊಂಡು ನೋಡುವವರಿಗೆ ಪಶ್ಚಿಮ ಕರಾವಳಿಯ ತಂಡವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಕ್ಕಿಂತ ಭಾರತ ಹನ್ನೆರಡೂವರೆ ಗಂಟೆ ಮುಂದೆ. ಅಲ್ಲಿ ಸಂಜೆ 6:45ಕ್ಕೆ ಶುರುವಾಗುವ ಪಂದ್ಯ ಇಲ್ಲಿ ಮರುದಿನ ಬೆಳಿಗ್ಗೆ 7:15ಕ್ಕೆ, ಕಾಫಿ ತಿಂಡಿಯ ಹೊತ್ತಿಗೆ. ನ್ಯೂಯಾರ್ಕ್ ತಂಡಗಳ 7:05ರ ಆಟಕ್ಕೆ ಬೆಳಗಿನ ಜಾವ 4:35ಕ್ಕೆ ಏಳಬೇಕು. 2023ರಲ್ಲಿ ಪಿಚ್ ಕ್ಲಾಕ್ ಬಂದ ಮೇಲೆ ಪಂದ್ಯ ಸರಾಸರಿ ಎರಡು ಗಂಟೆ ನಲವತ್ತು ನಿಮಿಷಕ್ಕೆ ಮುಗಿಯುತ್ತಿದೆ, ಮೊದಲು ಮೂರು ಗಂಟೆ ದಾಟುತ್ತಿತ್ತು. ಬೇಸ್ ಖಾಲಿ ಇದ್ದರೆ ಪಿಚರ್ 15 ಸೆಕೆಂಡಿನೊಳಗೆ ಎಸೆಯಬೇಕು, ರನ್ನರ್ ಇದ್ದರೆ 18.

ನೋಡುವಾಗ ಕೈಯಲ್ಲಿ ಪೆನ್ಸಿಲ್, ಒಂದು ಸ್ಕೋರ್ ಕಾರ್ಡ್ ಇರಲಿ. ಆಟ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂದು ಖಂಡಿತವಾಗಿ ಹೇಳುತ್ತೇನೆ. ಪ್ರತಿ ಫೀಲ್ಡರ್‌ಗೂ ಒಂದು ಸಂಖ್ಯೆ: ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವವನು) 6, ಎಡದಿಂದ ಬಲಕ್ಕೆ ಔಟ್‌ಫೀಲ್ಡ್ 7, 8, 9. ಶಾರ್ಟ್‌ಸ್ಟಾಪ್ 6 ಎಂಬಲ್ಲಿ ಎಲ್ಲರೂ ಎಡವುತ್ತಾರೆ, ಬೇಸ್‌ಗಳ ಕ್ರಮದಲ್ಲಿ ಅವನು 5 ಆಗಬೇಕಿತ್ತಲ್ಲ ಅನ್ನಿಸುತ್ತದೆ. 6-4-3 ಎಂದು ಬರೆದರೆ ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಎರಡನೇ ಬೇಸ್‌ಗೆ, ಅಲ್ಲಿಂದ ಮೊದಲ ಬೇಸ್‌ಗೆ, ಒಂದೇ ಚೆಂಡಿಗೆ ಇಬ್ಬರು ಔಟ್. ಸ್ಟ್ರೈಕ್ ಔಟ್ ಆದರೆ ಇಂಗ್ಲಿಷಿನ 'ಕೆ' ಅಕ್ಷರ. ಬ್ಯಾಟ್ ಬೀಸದೆ ನಿಂತು ಔಟಾದರೆ ಅದೇ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ. ಒಂದೇ ಇನ್ನಿಂಗ್‌ನಲ್ಲಿ ಒಂಬತ್ತೂ ಬ್ಯಾಟರ್ ಮುಗಿದು ಸರದಿ ಮೊದಲಿನವನಿಗೆ ಬಂದರೆ ಕಾರ್ಡಿನ ಪಕ್ಕದ ಕಾಲಮ್ಮಿಗೆ ದಾಟಿ, ಮೇಲಿನ ಇನ್ನಿಂಗ್ ಸಂಖ್ಯೆಯನ್ನು ತಿದ್ದಿಕೊಳ್ಳಿ. ಇಲ್ಲವಾದರೆ ಅಲ್ಲಿಂದ ಮುಂದೆ ಇಡೀ ಕಾರ್ಡ್ ಗೋಜಲು.

ಅಂಕಿಗಳ ವಿಷಯ. ಏಪ್ರಿಲ್‌ನಲ್ಲಿ ಒಬ್ಬನ ಬ್ಯಾಟಿಂಗ್ ಸರಾಸರಿ (ಇಲ್ಲಿ ಅದು ಬ್ಯಾಟಿಂಗ್ ಸರದಿಗಳಲ್ಲಿ ಹಿಟ್ ಸಿಕ್ಕಿದ ಪಾಲು) .380 ಇದ್ದರೆ ನಂಬಬೇಡಿ, .150 ಇದ್ದರೂ ನಂಬಬೇಡಿ. ತಂಡದ ಬಗ್ಗೆ ಹೆಚ್ಚು ಸತ್ಯ ಹೇಳುವುದು ರನ್‌ಗಳ ವ್ಯತ್ಯಾಸ: ಗಳಿಸಿದ್ದರಲ್ಲಿ ಕೊಟ್ಟದ್ದನ್ನು ಕಳೆಯಿರಿ, ವರ್ಷದ ಲೆಕ್ಕದಲ್ಲಿ ಸುಮಾರು ಹತ್ತು ರನ್ನಿಗೆ ಒಂದು ಗೆಲುವು. ಮೈದಾನವನ್ನೂ ಗಮನಿಸಿ. ಡೆನ್ವರ್‌ನ ಕೂರ್ಸ್ ಫೀಲ್ಡ್ ಸಮುದ್ರಮಟ್ಟದಿಂದ ಸುಮಾರು ಒಂದು ಮೈಲಿ ಎತ್ತರದಲ್ಲಿದೆ, ಗಾಳಿ ತೆಳು, ಚೆಂಡು ದೂರ ಹಾರುತ್ತದೆ. 2002ರಿಂದ ಚೆಂಡುಗಳನ್ನು ತೇವ ಹಿಡಿದಿಡುವ ಕೋಣೆಯಲ್ಲಿ ಇಟ್ಟು ಆಡಿಸಿದರೂ ಅಲ್ಲಿ ರನ್ ಹೆಚ್ಚೇ. ಜೈಂಟ್ಸ್‌ನ ಓರಾಕಲ್ ಪಾರ್ಕ್ ಕೊಲ್ಲಿಯ ದಂಡೆಯಲ್ಲಿದೆ, ತಂಪು ಗಾಳಿ ಭಾರ. ಬಲಗಡೆ ಬೇಲಿ ಬರೀ 309 ಅಡಿ ದೂರ, ಆದರೆ ಗೋಡೆಯ ಎತ್ತರ 24 ಅಡಿ, ಜೈಂಟ್ಸ್ ದಿಗ್ಗಜ ವಿಲ್ಲಿ ಮೇಸ್ ಅವರ ಜರ್ಸಿ ಸಂಖ್ಯೆಯ ಗೌರವಕ್ಕೆ. ಜುಲೈ ತಿಂಗಳ ರಾತ್ರಿಯ ಪಂದ್ಯಕ್ಕೂ ದಪ್ಪ ಜಾಕೆಟ್ ಒಯ್ಯಿರಿ, ಏಳನೇ ಇನ್ನಿಂಗ್ ಹೊತ್ತಿಗೆ ಚಳಿ ಹಿಡಿಯುತ್ತದೆ.

ಆಗಸ್ಟ್ ಬಂತೆಂದರೆ ಅಂಕಪಟ್ಟಿ ಓದುವುದನ್ನು ಕಲಿತಿರಬೇಕು. ಮುಂದಿರುವ ತಂಡ 60-40, ನಿಮ್ಮದು 56-43 ಅಂದುಕೊಳ್ಳಿ. ಗೆಲುವಿನ ಅಂತರ 4, ಸೋಲಿನ ಅಂತರ 3, ಕೂಡಿ ಅರ್ಧ ಮಾಡಿದರೆ ನೀವು ಮೂರೂವರೆ ಪಂದ್ಯ ಹಿಂದೆ. ಸೆಪ್ಟೆಂಬರ್‌ಗೆ ಮ್ಯಾಜಿಕ್ ನಂಬರ್, ಅಂದರೆ ಮೊದಲ ಸ್ಥಾನ ಖಚಿತವಾಗಲು ಇನ್ನೆಷ್ಟು ಬಾಕಿ ಎಂಬ ಲೆಕ್ಕ: 163ರಲ್ಲಿ ಮೊದಲ ಸ್ಥಾನದ ಗೆಲುವನ್ನೂ ಎರಡನೇ ಸ್ಥಾನದ ಸೋಲನ್ನೂ ಕಳೆಯಿರಿ. 90 ಗೆಲುವು, 66 ಸೋಲು ಇದ್ದರೆ ಉಳಿಯುವುದು 7. ಇವರು ಗೆದ್ದರೂ ಅವರು ಸೋತರೂ ಒಂದು ಕಡಿಮೆ.

ಡಿವಿಷನ್‌ನಲ್ಲಿ (ಐದು ತಂಡಗಳ ಗುಂಪು) ಮೊದಲ ಸ್ಥಾನ ಸಿಗದಿದ್ದರೂ ಬಾಗಿಲು ಮುಚ್ಚುವುದಿಲ್ಲ. 2022ರಿಂದ ಎರಡು ಲೀಗ್‌ಗಳಲ್ಲಿ ಪ್ರತಿಯೊಂದರಿಂದ ಆರು ತಂಡ ಪ್ಲೇಆಫ್‌ಗೆ, ಅದರಲ್ಲಿ ಮೂರು ವೈಲ್ಡ್ ಕಾರ್ಡ್, ಅಂದರೆ ಡಿವಿಷನ್ ಗೆಲ್ಲದ ತಂಡಗಳು. 2014ರ ಜೈಂಟ್ಸ್ ಗೆದ್ದದ್ದು 88 ಮಾತ್ರ, ಡಾಡ್ಜರ್ಸ್ ಹಿಂದೆ ಎರಡನೇ ಸ್ಥಾನ, ಆದರೂ ಕಪ್ ಅವರದ್ದೇ. ಎರಡು ತಂಡ ಸಮವಾದರೆ ಹಿಂದೆ 163ನೇ ಪಂದ್ಯ ಆಡಿಸುತ್ತಿದ್ದರು. ಈಗ ಅದಿಲ್ಲ, ಪರಸ್ಪರ ಆಡಿದ್ದರಲ್ಲಿ ಯಾರು ಹೆಚ್ಚು ಗೆದ್ದರು ಎಂದು ಮೊದಲು ನೋಡುತ್ತಾರೆ. ನಮ್ಮ ಡಿವಿಷನ್‌ನ ಡಾಡ್ಜರ್ಸ್, ಪಾಡ್ರೆಸ್, ಡೈಮಂಡ್‌ಬ್ಯಾಕ್ಸ್, ರಾಕೀಸ್ ಒಂದೊಂದರ ಜೊತೆಗೂ ವರ್ಷಕ್ಕೆ 13 ಪಂದ್ಯ. ಬೆಸ ಸಂಖ್ಯೆಯಾದ್ದರಿಂದ ಒಂದು ಕಡೆ ಹೆಚ್ಚಿರಲೇಬೇಕು, ಏಳು ಗೆದ್ದವರ ಕೈ ಮೇಲು. ಏಪ್ರಿಲ್‌ನಲ್ಲಿ ಡಾಡ್ಜರ್ಸ್ ವಿರುದ್ಧ ಆಡುವಾಗಲೇ ಈ ಏಳರ ಲೆಕ್ಕವನ್ನು ಸ್ಕೋರ್ ಕಾರ್ಡಿನ ಮೂಲೆಯಲ್ಲಿ ಬರೆದಿಡಿ. ಸೆಪ್ಟೆಂಬರಿನ ಕೊನೆಯ ಭಾನುವಾರ ಎಲ್ಲ ಪಂದ್ಯಗಳೂ ಹೆಚ್ಚೂಕಡಿಮೆ ಒಂದೇ ಹೊತ್ತಿಗೆ ಶುರುವಾಗುತ್ತವೆ, ಆಗ ಎಲ್ಲರೂ ಹುಡುಕುವುದು ಆ ಅಂಕಿಯನ್ನೇ.