ಆ ಕಾಲೇಜಿನಲ್ಲಿ ನೀನು ಓದೇ ಇಲ್ಲವಲ್ಲ, ಮತ್ಯಾಕೆ ಈ ಹುಚ್ಚು?

ವಾಕಿಂಗ್ ಹೋಗುವಾಗ ನಾನು ಹಾಕುವ ಕೆಂಪು ಟೋಪಿಯ ಮೇಲೆ ದೊಡ್ಡದಾಗಿ ಒಂದು ಬಿಳಿ ‘ಎನ್’ ಅಕ್ಷರ ಇದೆ. ಧಾರವಾಡದಲ್ಲಿ ಅದನ್ನು ನೋಡಿದವರು ಮೊದಲು ಕೇಳುವುದು, ಇದು ಯಾವ ಕಂಪನಿ ಅಂತ. ಕಂಪನಿ ಅಲ್ಲ, ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದ ಫುಟ್‌ಬಾಲ್ ಟೀಮ್ ಅಂದರೆ ಮುಂದಿನ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಅಲ್ಲಿ ಓದಿದ್ದಾ? ಇಲ್ಲ. ಕೆಲಸ ಮಾಡಿದ್ದಾ? ಇಲ್ಲ. ಮತ್ಯಾಕೆ ಈ ಹುಚ್ಚು?

ನೆಂಟರ ಮದುವೆಯಲ್ಲಿ, ಆಫೀಸಿನ ಚಹಾ ಹೊತ್ತಿನಲ್ಲಿ, ಎಲ್ಲ ಕಡೆ ಇದೇ ಪ್ರಶ್ನೆ. ಒಮ್ಮೆ ಕೂತು ಬರೆದುಬಿಡೋಣ ಅಂತ ಈ ಬರಹ.

ಅಪ್ಪ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಜೋಳದ ತಳಿಗಳ ಮೇಲೆ ಕೆಲಸ ಮಾಡುತ್ತಿದ್ದರು. ಜೋಳ, ಸಜ್ಜೆಗಳ ಸಂಶೋಧನೆಗೆ ಅಮೆರಿಕ ಸರಕಾರದ ದುಡ್ಡಿನಿಂದ ನಡೆಯುತ್ತಿದ್ದ ಇಂಟ್‌ಸಾರ್ಮಿಲ್ ಎಂಬ ಕಾರ್ಯಕ್ರಮದ ಮುಖ್ಯ ಕಚೇರಿ ನೆಬ್ರಾಸ್ಕದ ಲಿಂಕನ್ ಊರಿನಲ್ಲಿತ್ತು. 1993ರಲ್ಲಿ ಅಪ್ಪ ಅಲ್ಲಿಗೆ ಹೊರಟರು. ಹಿಂದೆ ಅವ್ವ, ನಾನು. ಆಗ ನಾನು ಮೂರನೇ ಇಯತ್ತೆ. ನನಗೆ ಬರುತ್ತಿದ್ದ ಇಂಗ್ಲಿಷ್ ಅಂದರೆ ‘ಮೇ ಐ ಗೋ ಔಟ್ ಮಿಸ್’ ಅಷ್ಟೇ.

ನೆಬ್ರಾಸ್ಕ ಎಂಥ ಜಾಗ ಅಂತ ಮೊದಲು ಹೇಳಬೇಕು. ವಿಸ್ತೀರ್ಣದಲ್ಲಿ ಅದು ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು. ಜನ? ಇಡೀ ರಾಜ್ಯದ ಜನಸಂಖ್ಯೆ ಹೆಚ್ಚುಕಡಿಮೆ ಧಾರವಾಡ ಜಿಲ್ಲೆಯಷ್ಟು. 2010ರ ಗಣತಿಯಲ್ಲಿ ಅಲ್ಲಿ ಹದಿನೆಂಟು ಲಕ್ಷ ಚಿಲ್ಲರೆ, 2011ರಲ್ಲಿ ಇಲ್ಲಿಯೂ ಹದಿನೆಂಟು ಲಕ್ಷ ಚಿಲ್ಲರೆ. ಉಳಿದದ್ದೆಲ್ಲ ಗೋವಿನಜೋಳ, ಸೋಯಾ, ದನ. ದೊಡ್ಡ ಲೀಗುಗಳ ಒಂದೇ ಒಂದು ಟೀಮ್ ಇಲ್ಲ. ಫುಟ್‌ಬಾಲಿನದೂ ಇಲ್ಲ, ಬೇಸ್‌ಬಾಲಿನದೂ ಇಲ್ಲ, ಬ್ಯಾಸ್ಕೆಟ್‌ಬಾಲಿನದೂ ಇಲ್ಲ. ಇರುವುದು ವಿಶ್ವವಿದ್ಯಾಲಯದ ಈ ಒಂದೇ ಟೀಮ್. ಹೆಸರು ಕಾರ್ನ್‌ಹಸ್ಕರ್ಸ್, ಅಂದರೆ ಗೋವಿನಜೋಳದ ತೆನೆ ಸುಲಿಯುವವರು. ಊರವರ ಬಾಯಲ್ಲಿ ಬರೀ ಹಸ್ಕರ್ಸ್.

ನಮ್ಮಲ್ಲಿ ಕಾಲೇಜು ಟೀಮ್ ಅಂದರೆ ಪಿ.ಇ. ಮಾಸ್ತರು, ಹದಿನೈದು ಹುಡುಗರು, ಯಾರಾದರೂ ಒಬ್ಬ ಯೂನಿವರ್ಸಿಟಿ ಬ್ಲೂ. ನೋಡಲು ಬರುವವರು ಅವರ ರೂಮ್‌ಮೇಟ್‌ಗಳು. ಅದಕ್ಕೇ ನನ್ನ ಹುಚ್ಚು ಜನರಿಗೆ ಅರ್ಥವಾಗುವುದಿಲ್ಲ. ಲಿಂಕನ್ನಿನ ಮೆಮೋರಿಯಲ್ ಸ್ಟೇಡಿಯಮ್ಮಿನಲ್ಲಿ 1962ರ ನವೆಂಬರಿನಿಂದ ಇವತ್ತಿನವರೆಗೂ ಪ್ರತಿ ಪಂದ್ಯದ ಟಿಕೆಟ್ ಪೂರ್ತಿ ಮಾರಾಟವಾಗಿದೆ. ಪಂದ್ಯದ ದಿನ ಸ್ಟೇಡಿಯಮ್ಮನ್ನೇ ಒಂದು ಊರು ಅಂತ ಲೆಕ್ಕ ಹಾಕಿದರೆ ಒಮಾಹ, ಲಿಂಕನ್ ಬಿಟ್ಟರೆ ರಾಜ್ಯದ ಮೂರನೇ ದೊಡ್ಡ ಊರು ಅದೇ. ಇನ್ನೂರು ಮುನ್ನೂರು ಕಿಲೋಮೀಟರ್ ದೂರದ ಹಳ್ಳಿಗಳಿಂದ ರೈತರು ಕೆಂಪು ಅಂಗಿ ಹಾಕಿಕೊಂಡು ಬರುತ್ತಾರೆ. ಅವರಲ್ಲೂ ಕಾಲೇಜು ಮೆಟ್ಟಿಲು ಹತ್ತದವರು ಬೇಕಾದಷ್ಟು ಜನ. ಅವರನ್ನು ಯಾರೂ ‘ನೀನು ಇಲ್ಲಿ ಓದಿದ್ದೀಯಾ’ ಅಂತ ಕೇಳುವುದಿಲ್ಲ, ಅಲ್ವಾ?

ನಮ್ಮ ಬಾಡಿಗೆ ಮನೆ ಈಸ್ಟ್ ಕ್ಯಾಂಪಸ್ ಹತ್ತಿರ ಇತ್ತು. ಕೃಷಿ ಕಾಲೇಜು ಇರುವುದು ಅಲ್ಲೇ. ಪಕ್ಕದ ಮನೆಯಲ್ಲಿ ರೈಲ್ವೆಯ ವರ್ಕ್‌ಶಾಪಿನಿಂದ ನಿವೃತ್ತರಾದ ಒಬ್ಬ ಅಜ್ಜ ಇದ್ದರು. ಶನಿವಾರ ಗ್ಯಾರೇಜಿನ ಬಾಗಿಲು ಮೇಲೆತ್ತಿ, ಒಳಗೆ ಟಿವಿ ಹಚ್ಚಿ, ಅದರ ದನಿ ಪೂರ್ತಿ ತೆಗೆದುಬಿಡುತ್ತಿದ್ದರು. ಪಕ್ಕದಲ್ಲಿ ರೇಡಿಯೋ. ಟಿವಿಯವರು ನ್ಯೂಯಾರ್ಕಿನವರು, ಅವರಿಗೇನು ಗೊತ್ತು ಅನ್ನುವುದು ಅವರ ವಾದ. ರಾಜ್ಯದ ಅರ್ಧ ಮನೆಗಳಲ್ಲಿ ಹೀಗೇ ಮಾಡುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಶಾಲೆಯಲ್ಲಿ ಬಾಯಿ ಬಿಡದ ನಾನು ಅವರ ಗ್ಯಾರೇಜಿನಲ್ಲಿ ಒಂದು ಸ್ಟೂಲ್ ಹಿಡಿದೆ.

ಆಟದ ಬಗ್ಗೆ ಎರಡು ಮಾತು. ಹೆಸರಿಗೆ ಫುಟ್‌ಬಾಲ್, ಕಾಲು ತಾಗುವುದು ಅಪರೂಪ. ಎರಡೂ ತುದಿ ಚೂಪಾದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಯ ಗೆರೆ ದಾಟಬೇಕು. ದಾಟಿದರೆ ಆರು ಅಂಕ. ಆಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಒಂದು ಅಂಕ, ಅದರ ಬದಲು ಮತ್ತೊಮ್ಮೆ ಗೆರೆ ದಾಟಿದರೆ ಎರಡು. ಮೊದಲನೆಯದು ಸುಲಭ, ಎರಡನೆಯದು ಕಷ್ಟ. ಇಷ್ಟು ಗೊತ್ತಿದ್ದರೆ ಮುಂದಿನ ಕಥೆಗೆ ಸಾಕು.

ಆ ಕಥೆಯನ್ನು ಅಜ್ಜ ನನಗೆ ಹೇಳಿದ್ದು ಇಂಗ್ಲಿಷಿನಲ್ಲಿ ಅಲ್ಲ, ನಟ್ಟು ಬೋಲ್ಟುಗಳಲ್ಲಿ. ಕೆಲಸದ ಮೇಜಿನ ಮೇಲೆ ಗ್ರೀಸ್ ಹತ್ತಿದ ಹನ್ನೊಂದು ನಟ್ಟು ಸಾಲಾಗಿಟ್ಟರು, ಅವು ನಮ್ಮವರು. ಎದುರಿಗೆ ಹನ್ನೊಂದು ಬೋಲ್ಟು, ಮಯಾಮಿ ವಿಶ್ವವಿದ್ಯಾಲಯದವರು. 1984ರ ಜನವರಿ 2, ಆರೆಂಜ್ ಬೌಲ್ ಪಂದ್ಯ. ಸೀಸನ್ ಮುಗಿದ ಮೇಲೆ ಚೆನ್ನಾಗಿ ಆಡಿದ ಟೀಮುಗಳನ್ನು ಕರೆದು ಆಡಿಸುವ ಪಂದ್ಯಕ್ಕೆ ಅಲ್ಲಿ ಬೌಲ್ ಅನ್ನುತ್ತಾರೆ. ಆ ವರ್ಷ ನೆಬ್ರಾಸ್ಕ ಒಂದೂ ಪಂದ್ಯ ಸೋತಿರಲಿಲ್ಲ. ಆದರೆ ಅಲ್ಲಿ ಹಿಂದೆ ಬಿದ್ದು, ಒದ್ದಾಡಿ, 48 ಸೆಕೆಂಡ್ ಉಳಿದಾಗ 31-30ಕ್ಕೆ ಬಂದು ನಿಂತಿತು. ಒಂದು ಅಂಕಕ್ಕೆ ಒದ್ದಿದ್ದರೆ ಸಮ. ಆಗ ಹೆಚ್ಚುವರಿ ಆಟ ಅಂತ ಇರಲಿಲ್ಲ, ಸಮವಾದರೂ ರಾಷ್ಟ್ರೀಯ ಚಾಂಪಿಯನ್ ಪಟ್ಟ ನೆಬ್ರಾಸ್ಕಕ್ಕೇ ಸಿಗುವ ಹಾಗಿತ್ತು. ಕೋಚ್ ಟಾಮ್ ಆಸ್ಬೋರ್ನ್ ಎರಡಕ್ಕೆ ಹೋದರು. ಅಜ್ಜ ಒಂದು ನಟ್ಟನ್ನು ಬಲಕ್ಕೆ ಸರಿಸಿದರು, ಇನ್ನೊಂದನ್ನು ಗೆರೆಯ ಹತ್ತಿರ ತಂದರು. ಆಮೇಲೆ ಒಂದು ಬೋಲ್ಟನ್ನು ನಡುವೆ ತೂರಿಸಿ, ಬೆರಳ ತುದಿಯಿಂದ ಗಾಳಿಯಲ್ಲಿ ಚೆಂಡನ್ನು ತಟ್ಟಿ ತೋರಿಸಿದರು. ಮುಗಿಯಿತು. ಸೋಲು.

ಹತ್ತು ವರ್ಷದ ಹಿಂದಿನ ಸೋಲನ್ನು ಅಷ್ಟು ಜೋಪಾನವಾಗಿ ಇಟ್ಟುಕೊಂಡವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕೋಚ್ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಸಮ ಮಾಡಿಕೊಂಡು ಪಟ್ಟ ತಂದಿದ್ದರೆ ಇಷ್ಟು ಮರ್ಯಾದೆ ಕೊಡುತ್ತಿರಲಿಲ್ಲ ಅಂದರು.

ಅವ್ವನಿಗೆ ಆಟ ಬೇಡ, ಆದರೆ ಮಗ ಯಾರದೋ ಮನೆಯಲ್ಲಿ ಬರಿಗೈಲಿ ಕೂರಬಾರದು. ಆ ಊರಲ್ಲಿ ಚುರಮುರಿ ಎಲ್ಲಿ ಸಿಗಬೇಕು? ಬೆಳಿಗ್ಗೆ ಹಾಲಿಗೆ ಹಾಕಿಕೊಂಡು ತಿನ್ನುವ ರೈಸ್ ಕ್ರಿಸ್ಪೀಸ್ ಡಬ್ಬಿ ಒಡೆದು, ಉಳ್ಳಾಗಡ್ಡಿ, ಹುಣಸೆ-ಬೆಲ್ಲದ ಗೊಜ್ಜು, ಪುಟಾಣಿ ಹಿಟ್ಟು ಕಲಸಿ ಗಿರ್ಮಿಟ್ ಮಾಡುತ್ತಿದ್ದರು. ಅಜ್ಜ ಕಣ್ಣಲ್ಲಿ ನೀರು ತುಂಬಿಕೊಂಡು ಎರಡನೇ ಬಟ್ಟಲು ಕೇಳುತ್ತಿದ್ದರು.

ಟೀಮ್ ಮೊದಲ ಅಂಕ ಗಳಿಸಿದ ಕೂಡಲೇ ಸ್ಟೇಡಿಯಮ್ಮಿನಿಂದ ಸಾವಿರಾರು ಕೆಂಪು ಬಲೂನು ಮೇಲೇಳುತ್ತಿದ್ದವು. ಅಂಗಳಕ್ಕೆ ಓಡಿದರೆ ಕಾಣುತ್ತಿತ್ತು. ಈಗ ಆ ಪದ್ಧತಿ ನಿಂತಿದೆ. ಒಳ್ಳೆಯದೇ ಆಯಿತು, ಅಷ್ಟೊಂದು ರಬ್ಬರ್ ಯಾರ ಹೊಲಕ್ಕೆ ಬೀಳುತ್ತಿತ್ತೋ.

ಎಲ್ಲ ಹುಡುಗರ ಹೀರೋ ಕ್ವಾರ್ಟರ್‌ಬ್ಯಾಕ್, ಅಂದರೆ ಟೀಮಿನ ದಾಳಿ ನಡೆಸುವ ಆಟಗಾರ, ಟಾಮಿ ಫ್ರೇಜಿಯರ್. ನನಗೆ ಅವನ ಬದಲಿ ಆಟಗಾರ ಬ್ರೂಕ್ ಬೆರಿಂಜರ್ ಇಷ್ಟ. ನಮ್ಮ ರಣಜಿ ಟೀಮಿನ ಹನ್ನೆರಡನೇ ಆಟಗಾರನ ಹಾಗೆ, ಸದಾ ಬೆಂಚಿನ ಮೇಲೆ. 1994ರಲ್ಲಿ ಫ್ರೇಜಿಯರ್ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಹೊರಗುಳಿದಾಗ ಬೆರಿಂಜರ್ ಬಂದ. ಶ್ವಾಸಕೋಶಕ್ಕೆ ಪೆಟ್ಟು ಬಿದ್ದರೂ ಆಡಿದ. ತಾನು ಶುರು ಮಾಡಿದ ಒಂದೂ ಪಂದ್ಯ ಸೋಲಲಿಲ್ಲ. ಕೊನೆಗೆ ಫ್ರೇಜಿಯರ್ ಹುಷಾರಾಗಿ ವಾಪಸ್ ಬಂದ. 1995ರ ಜನವರಿ 1ರಂದು ಅದೇ ಆರೆಂಜ್ ಬೌಲ್‌ನಲ್ಲಿ ಅದೇ ಮಯಾಮಿಯನ್ನು 24-17ರಿಂದ ಸೋಲಿಸಿದರು. ಮಯಾಮಿಯ ಮೈದಾನದಲ್ಲೇ! ಇಬ್ಬರೂ ಆಡಿದರು. ಪಂದ್ಯ ಮುಗಿಸಿದವನು ಫ್ರೇಜಿಯರ್. ಮುಂದಿನ ವರ್ಷ ಬೆರಿಂಜರ್ ಮತ್ತೆ ಬೆಂಚಿಗೆ ಹೋಗಿ ಸುಮ್ನೆ ಕೂತ. ಟೀಮ್ ಬಿಡಲಿಲ್ಲ, ಪತ್ರಿಕೆಯವರ ಮುಂದೆ ಗೊಣಗಲಿಲ್ಲ. ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಯಾರಾದರೂ ಆಟಕ್ಕೆ ಕರೆಯುತ್ತಾರಾ ಅಂತ ಕಾಯುತ್ತಿದ್ದ ನನಗೆ ಅವನು ಯಾಕೆ ಹಿಡಿಸಿದ ಅಂತ ಬೇರೆ ಹೇಳಬೇಕಿಲ್ಲ.

1996ರ ಏಪ್ರಿಲ್ 18ರಂದು ಅವನು ಓಡಿಸುತ್ತಿದ್ದ ಸಣ್ಣ ವಿಮಾನ ಲಿಂಕನ್ನಿನ ಹತ್ತಿರದ ಹೊಲದಲ್ಲಿ ಬಿದ್ದು ಅವನು ತೀರಿಕೊಂಡ. ಎರಡು ದಿನ ಕಳೆದಿದ್ದರೆ ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ಗೆ ಆಟಗಾರರ ಆಯ್ಕೆ ಇತ್ತು. ಅಜ್ಜ ಗ್ಯಾರೇಜಿನ ಬಾಗಿಲು ಎತ್ತಲಿಲ್ಲ. ಶಾಲೆಯಲ್ಲಿ ನಮ್ಮ ಟೀಚರ್ ಅತ್ತರು. ನಾನೂ ಅತ್ತೆ, ಪಕ್ಕದ ಹುಡುಗ ಹೆಗಲ ಮೇಲೆ ಕೈ ಹಾಕಿದ. ಆ ಕ್ಲಾಸಿನಲ್ಲಿ ನಾನು ಹೊರಗಿನವನು ಅಂತ ಆಮೇಲೆ ಅನ್ನಿಸಲಿಲ್ಲ. ಸ್ಟೇಡಿಯಮ್ಮಿನ ಹೊರಗೆ ಈಗ ಬೆರಿಂಜರ್ ಮತ್ತು ಆಸ್ಬೋರ್ನ್ ಜೊತೆಗೆ ನಿಂತಿರುವ ಪ್ರತಿಮೆ ಇದೆ. ದೊಡ್ಡ ದಾಖಲೆಗಳೆಲ್ಲ ಫ್ರೇಜಿಯರ್‌ನವು, ಪ್ರತಿಮೆ ನಿಂತದ್ದು ಬದಲಿ ಆಟಗಾರನದು. ಇಂಥ ಊರನ್ನು ಹೇಗೆ ಬಿಡಲಿ?

ಎಲ್ಲವೂ ಹೀಗೆ ಚಂದ ಅಂತ ಅಲ್ಲ. 1995ರ ತಂಡವನ್ನು ಕಾಲೇಜು ಫುಟ್‌ಬಾಲಿನಲ್ಲೇ ಅತ್ಯುತ್ತಮ ಅನ್ನುವವರಿದ್ದಾರೆ, ಫೈನಲ್‌ನಲ್ಲಿ ಫ್ಲೋರಿಡಾವನ್ನು 62-24ರಿಂದ ಹೊಡೆದರು. ಅದೇ ವರ್ಷ ಅದರ ಆಟಗಾರ ಲಾರೆನ್ಸ್ ಫಿಲಿಪ್ಸ್ ತನ್ನ ಮಾಜಿ ಗೆಳತಿಯ ಮೇಲೆ ಹಲ್ಲೆ ಮಾಡಿದ್ದ. ಆಸ್ಬೋರ್ನ್ ಅವನನ್ನು ಕೆಲವು ವಾರ ಹೊರಗಿಟ್ಟು ಮತ್ತೆ ಆಡಿಸಿದರು. ಆಟ ಬಿಡಿಸಿದರೆ ಹುಡುಗ ಪೂರ್ತಿ ಹಾಳಾಗುತ್ತಾನೆ ಅನ್ನುವುದು ಅವರ ಕಾರಣ. ಆ ಹುಡುಗಿಯ ಕಡೆಯಿಂದ ನೋಡಿದರೆ ಅದು ಕಾರಣವೇ ಅಲ್ಲ. ಆ ಪಟ್ಟದ ಬಗ್ಗೆ ಮಾತಾಡುವಾಗ ನಾನು ಇದನ್ನೂ ಹೇಳುತ್ತೇನೆ.

1998ರಲ್ಲಿ ಧಾರವಾಡಕ್ಕೆ ವಾಪಸ್ ಬಂದೆವು. ಅದಕ್ಕೆ ಸ್ವಲ್ಪ ಮೊದಲು ಆಸ್ಬೋರ್ನ್ ಇನ್ನೊಂದು ಪಟ್ಟ ಗೆದ್ದು ನಿವೃತ್ತರಾಗಿದ್ದರು. ಅಲ್ಲಿಗೆ ಒಳ್ಳೆಯ ಕಾಲ ಮುಗಿಯಿತು ಅಂತ ಆಗ ಯಾರಿಗೆ ಗೊತ್ತಿತ್ತು? ಅಜ್ಜ ಪತ್ರಿಕೆಯ ಕಟಿಂಗ್ ಕಳಿಸುತ್ತಿದ್ದರು, ಬರಲು ಮೂರು ವಾರ. ಆಮೇಲೆ ಸೈಬರ್ ಕೆಫೆ ಬಂತು. 2001ರ ನವೆಂಬರಿನಲ್ಲಿ ಅಲ್ಲಿ ಕೂತು ಪುಟ ತೆರೆದರೆ ಕೊಲರಾಡೊ 62, ನೆಬ್ರಾಸ್ಕ 36. ಗಂಟೆಗೆ ಕೊಟ್ಟ ದುಡ್ಡು ವಸೂಲಾಗಲಿ ಅಂತ ಅದೇ ಪುಟವನ್ನು ನೋಡುತ್ತಾ ಕೂತೆ.

ಈಗ ಮೊಬೈಲಿನಲ್ಲೇ ಅಲ್ಲಿನ ರೇಡಿಯೋ ಕೇಳುತ್ತದೆ. ಅಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಪಂದ್ಯವಾದರೆ ನಮಗೆ ರಾತ್ರಿ ಒಂಬತ್ತೂವರೆ, ಪುಣ್ಯ. ಸಂಜೆ ಪಂದ್ಯವಾದರೆ ಭಾನುವಾರ ಬೆಳಗಿನ ಜಾವ ಐದು. ಕಿವಿಗೆ ಸಿಕ್ಕಿಸಿಕೊಂಡು ಕತ್ತಲಲ್ಲಿ ಕೂತಿದ್ದರೆ ಅವ್ವ ಎದ್ದು ಬಂದು, “ಯಾಕೋ ತಮ್ಮಾ, ಮತ್ತ ಸೋತರೇನು?” ಅಂತ ಕೇಳುತ್ತಾರೆ. ಸಾಮಾನ್ಯವಾಗಿ ಸೋತಿರುತ್ತಾರೆ. 2021ರಲ್ಲಿ ಹನ್ನೆರಡು ಪಂದ್ಯದಲ್ಲಿ ಒಂಬತ್ತು ಸೋತರು. ಒಂಬತ್ತರಲ್ಲಿ ಒಂದೂ ಒಂಬತ್ತು ಅಂಕಕ್ಕಿಂತ ಜಾಸ್ತಿ ಅಂತರದ್ದಲ್ಲ. ಆಗಿನ ಕೋಚ್ ಸ್ಕಾಟ್ ಫ್ರಾಸ್ಟ್, 1997ರ ಪಟ್ಟ ಗೆದ್ದ ನಮ್ಮದೇ ಕ್ವಾರ್ಟರ್‌ಬ್ಯಾಕ್, ನೆಬ್ರಾಸ್ಕದ ಮಣ್ಣಿನ ಮಗ. ಅವರನ್ನು ಮುಂದಿನ ಸೆಪ್ಟೆಂಬರಿನಲ್ಲಿ ತೆಗೆದರು. 2024ರ ಡಿಸೆಂಬರಿನಲ್ಲಿ, ಎಂಟು ವರ್ಷಗಳ ನಂತರ, ಒಂದು ಬೌಲ್ ಪಂದ್ಯ ಆಡಲು ಅವಕಾಶ ಸಿಕ್ಕಿತು. ಬಾಸ್ಟನ್ ಕಾಲೇಜನ್ನು 20-15ರಿಂದ ಸೋಲಿಸಿದರು. ದೊಡ್ಡ ಪಂದ್ಯ ಏನಲ್ಲ. ಆದರೂ ಮರುದಿನ ಆಫೀಸಿಗೆ ಪೇಢೆ ತೆಗೆದುಕೊಂಡು ಹೋಗೋಣ ಅಂದುಕೊಂಡೆ, ನೋಡಿದರೆ ಭಾನುವಾರ.

ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ. ದೊಡ್ಡವನಾದ ಮೇಲೆ ಆ ಸ್ಟೇಡಿಯಮ್ಮಿಗೆ ಹೋಗಿದ್ದೀಯಾ ಅಂತ. ಇಲ್ಲ. ಚಿಕ್ಕವನಿದ್ದಾಗ ಟಿಕೆಟ್ ಸಿಗುತ್ತಿರಲಿಲ್ಲ, ಸೀಸನ್ ಟಿಕೆಟ್ಟನ್ನು ಜನ ಆಸ್ತಿಯ ಹಾಗೆ ಮಕ್ಕಳಿಗೆ ಬಿಟ್ಟುಹೋಗುತ್ತಿದ್ದರು. ಈಗ ಇಷ್ಟು ಸೋತ ಮೇಲೆ ಮರುಮಾರಾಟದಲ್ಲಿ ಟಿಕೆಟ್ ಸಲೀಸಾಗಿ ಸಿಗುತ್ತದೆ. ಸಿಗದಿರುವುದು ವೀಸಾ ಇಂಟರ್‌ವ್ಯೂ ತಾರೀಖು.