ಮುಳ್ಳಿನ ಪೊದೆಯಿಂದ ಡಿಸ್ಕ್ ಒಗೆಯುವುದು

ಸಾಗರದ ಕಡೆ ಕಾಡಿನಲ್ಲಿ ದನ ಹುಡುಕುತ್ತಾ ಬೆಳೆದವನು ನಾನು. ಆಗಲೂ ಮೈಮೇಲೆ ಇಷ್ಟು ಗೀರು ಬಿದ್ದಿರಲಿಲ್ಲ. ಅಮೆರಿಕದ ಆರೆಗನ್‌ಗೆ ಬಂದು ಡಿಸ್ಕ್ ಗಾಲ್ಫ್ ಹಿಡಿದ ಮೇಲೆ ಬಿದ್ದಿವೆ.

ಆಟ ಗಾಲ್ಫ್ ಥರಾನೇ. ಚೆಂಡಿನ ಬದಲು ಊಟದ ತಟ್ಟೆಗಿಂತ ಚಿಕ್ಕ ಪ್ಲಾಸ್ಟಿಕ್ ಡಿಸ್ಕು, ಕುಳಿಯ ಬದಲು ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ. ಈ ಬುಟ್ಟಿಯನ್ನು 1970ರ ದಶಕದಲ್ಲಿ ಎಡ್ ಹೆಡ್ರಿಕ್ ಎಂಬಾತ ರೂಪಿಸಿದ. ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಿದವನು ಗೆದ್ದ, ಅಷ್ಟೇ. ನಾವು ಆಡುವುದು ಎಸ್ಟಕಾಡಾ ಊರಿನ ಹತ್ತಿರ, ಕ್ಲ್ಯಾಕಮಸ್ ನದಿ ಪಕ್ಕದ ಮೈಲೊ ಮೆಕೈವರ್ ಸ್ಟೇಟ್ ಪಾರ್ಕಿನಲ್ಲಿ.

ಕಷ್ಟ ಕೊಡುವುದು ಬ್ಲ್ಯಾಕ್‌ಬೆರಿ ಪೊದೆ. ಇಲ್ಲಿಯವರು ಅದನ್ನು ಹಿಮಾಲಯನ್ ಬ್ಲ್ಯಾಕ್‌ಬೆರಿ ಅನ್ನುತ್ತಾರೆ. ಅಯ್ಯೋ, ನಮ್ಮ ಕಡೆಯದೇ ಅಲ್ವಾ ಅಂತ ಮೊದಲು ಖುಷಿಪಟ್ಟಿದ್ದೆ. ನೋಡಿದರೆ ಅದರ ಮೂಲ ಆರ್ಮೇನಿಯಾ, ಇರಾನ್ ಕಡೆ. ಲೂಥರ್ ಬರ್ಬ್ಯಾಂಕ್ ಎಂಬ ಸಸ್ಯತಜ್ಞ ಭಾರತದಿಂದ ತರಿಸಿದ ಬೀಜ ಅಂತ ಆ ಹೆಸರಿಟ್ಟು 1885ರಲ್ಲಿ ಅಮೆರಿಕಕ್ಕೆ ಪರಿಚಯಿಸಿದ. ಹಣ್ಣಿಗಾಗಿ ತಂದದ್ದು ಈಗ ಹೊಳೆದಂಡೆ, ರಸ್ತೆಬದಿ ಎಲ್ಲಾ ನುಂಗಿದೆ. ನಮ್ಮಲ್ಲಿ ಲಂಟಾನ ಮಾಡಿದ ಕೆಲಸವೇ. ಲಂಟಾನ ಅಮೆರಿಕ ಖಂಡದಿಂದ ಬಂದದ್ದು, ಹಾಗಾಗಿ ಲೆಕ್ಕ ಚುಕ್ತಾ ಅನ್ನೋಣ ಅಂದರೆ ಇದು ನಮ್ಮದೇ ಅಲ್ಲ!

ಹೋದ ಆಗಸ್ಟಿನ ಒಂದು ಭಾನುವಾರ ನನ್ನ ಮೊದಲ ಎಸೆತ ಮರಕ್ಕೆ ಬಡಿದು ನೇರ ಪೊದೆಗೆ ಹೋಯಿತು. ಕಿತ್ತಳೆ ಡಿಸ್ಕು ಬಳ್ಳಿಗಳ ನಡುವೆ ಸೊಂಟದೆತ್ತರಕ್ಕೆ ನೇತಾಡುತ್ತಿತ್ತು. ನಿಯಮದ ಪ್ರಕಾರ ಅದರ ನೇರ ಕೆಳಗಿನ ನೆಲವೇ ನನ್ನ ಜಾಗ. ಅಲ್ಲಿ ಪುಟ್ಟ ಗುರುತು ಇಟ್ಟು, ಅದರ ಹಿಂದಿನ 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಆಯತದಲ್ಲಿ ಒಂದು ಕಾಲಾದರೂ ಊರಬೇಕು. ಬಳ್ಳಿ ಮುರಿಯುವ ಹಾಗಿಲ್ಲ. ಎಡಗೈಯಲ್ಲಿ ಸರಿಸಿ ಹಿಡಿದುಕೊಳ್ಳುವ ಹಾಗೂ ಇಲ್ಲ. ಒಂದು ಎಸೆತದ ದಂಡ ತೆತ್ತರೆ ಬುಟ್ಟಿಯಿಂದ ನನ್ನ ಗುರುತಿಗೆ ಎಳೆದ ನೇರ ಗೆರೆಯಲ್ಲೇ ಇನ್ನೂ ಹಿಂದಕ್ಕೆ ಸರಿಯಬಹುದು. ನನಗೆ ಜಂಬ.

ಕೈ ಬೀಸಿದೆ. ಬಳ್ಳಿ ತೋಳಿಗೆ ಸಿಕ್ಕಿ ಅಂಗಿ ಚರ್ರೆಂದಿತು. ಡಿಸ್ಕು ಎರಡು ಮಾರು ಇನ್ನೂ ಒಳಗೆ ಬಿತ್ತು.

'ಲೇ, ದೊಡ್ಡಸ್ತಿಕಿ ಬ್ಯಾಡ. ಬುಟ್ಟಿ ಮರತುಬಿಡು. ಸುಮ್ನ ಹೊರಗ ಒಗಿ!' ಅಂತ ಹುಬ್ಬಳ್ಳಿಯ ಗೆಳೆಯ ಹುಲ್ಲಿನ ಮೇಲೆ ನಿಂತು ಕೂಗಿದ. ಅವನಿಗೆ ಒಗೆಯೋದು ಅಂದರೆ ಎಸೆಯೋದು, ನನಗೆ ಬಟ್ಟೆ ತೊಳೆಯೋದು. ಅವನ ಈ ಮಾತು ಕೇಳುತ್ತಾ ಎರಡು ವರ್ಷ ಆದರೂ ನಗು ಬರುತ್ತದೆ.

ಅವನು ಹೇಳಿದ್ದು ಇಷ್ಟು. ದೂರ ಎಸೆಯುವ ವೇಗದ ಡಿಸ್ಕು, ಅಂದರೆ ಡ್ರೈವರ್, ಚೀಲಕ್ಕೆ ಹಾಕು; ಬುಟ್ಟಿ ಹತ್ತಿರ ಬಳಸುವ ನಿಧಾನದ ಡಿಸ್ಕು, ಅಂದರೆ ಪಟ್ಟರ್, ತೆಗಿ. ನಿಧಾನ ಎಸೆದರೆ ಡ್ರೈವರ್ ಪಕ್ಕಕ್ಕೆ ತಿರುಗಿ ಮತ್ತೆ ಪೊದೆಗೇ ಹೋಗುತ್ತದೆ, ಪಟ್ಟರ್ ನೆಟ್ಟಗೆ ಹೋಗುತ್ತದೆ. ಮಂಡಿಯೂರು. ಮೊಣಕೈ ಪಕ್ಕೆಗೆ ಅಂಟಿಸು. ಎರಡು ಬೆರಳನ್ನು ಡಿಸ್ಕಿನ ಒಳ ಅಂಚಿಗೆ ಒತ್ತಿ ಮಣಿಕಟ್ಟು ಮಾತ್ರ ಚಿಮ್ಮಿಸು. ತಲೆಯ ಮೇಲೆ ಆಕಾಶ ಕಂಡರೆ ಡಿಸ್ಕನ್ನು ನಿಲ್ಲಿಸಿ ಹಿಡಿದು ಮೇಲಿಂದಲೂ ಹೊಡೆಯಬಹುದಿತ್ತು. ನನಗೆ ಕಂಡದ್ದು ಎಲೆ.

ಮಂಡಿಯೂರಿದಾಗ ಬೇರೆಯೇ ಲೋಕ. ಮೇಲೆ ಹಸಿರು ಗೋಡೆ, ಬುಡದಲ್ಲಿ ಎಲೆಯಿಲ್ಲದ ಒಣ ಕಾಂಡಗಳ ನಡುವೆ ಕಿಟಕಿಯಷ್ಟು ಸಂದು. ಅದರಾಚೆ ಗೆಳೆಯನ ಬಿಳಿ ಶೂ. ಶೂಗೇ ಗುರಿಯಿಟ್ಟೆ. ಡಿಸ್ಕು ನೆಲ ಸವರಿಕೊಂಡು ಹೋಗಿ ಹುಲ್ಲಿನ ಮೇಲೆ ನಿಂತಿತು. ಮೂರರಲ್ಲಿ ಮುಗಿಸಬೇಕಾದ್ದು ಆರಾಯಿತು. ಆ ದಿನದ ಒಳ್ಳೆಯ ಎಸೆತ ಮಾತ್ರ ಅದೇ.

ಹೊರಬರುವುದು ಇನ್ನೂ ಕಷ್ಟ. ಸೀಗೆಯಂತೆ ಇದರ ಮುಳ್ಳೂ ಕೊಕ್ಕೆ. ಎಳೆದಷ್ಟೂ ಹಿಡಿಯುತ್ತದೆ. ಸಿಕ್ಕಿಬಿದ್ದಾಗ ಸುಮ್ನೆ ನಿಂತು ಹಣ್ಣು ತಿಂದೆ. ಕಪ್ಪಗೆ ಹಣ್ಣಾಗಿದ್ದವು, ಬಿಸಿಲಿಗೆ ಬೆಚ್ಚಗೆ.

ರಾತ್ರಿ ಹೆಂಡತಿ ಪಿನ್ನು ಹಿಡಿದು ಮೊಣಕಾಲಿಂದ ಮುಳ್ಳು ತೆಗೆಯುತ್ತಿದ್ದಾಗ ಅಮ್ಮ ವಿಡಿಯೊ ಕಾಲ್‌ನಲ್ಲಿ ನೋಡಿದರು. 'ಬ್ಯಾಣದಲ್ಲಿ ಮುಳ್ಳು ಸವರೋಕೆ ಕರೆದರೆ ಬರ್ತಿರಲಿಲ್ಲ. ಅಲ್ಲಿ ದುಡ್ಡು ಕೊಟ್ಟು ಹೋಗ್ತೀಯಾ ಮಾರಾಯಾ?'

ಪಾರ್ಕಿಂಗಿಗೆ ಮಾತ್ರ ಅಮ್ಮ, ಅಂದೆ.